ಏಳನೆಯ ಆಕ್ಷೇಪಣೆಗೆ ಉತ್ತರ

ಕಾರವಾರದಿಂದ ಬಂದಿದ್ದ ತಪಾಸಣೆಯ ಹುಡುಗ
ಹಸಿರು ಶಾಯಿಯಲ್ಲಿ ಸುತ್ತು ಹಾಕಿ ಹೋಗಿದ್ದಾನೆ:
‘ಆರಂಭ ಶಿಲ್ಕು ಸೊನ್ನೆ. ಖರೀದಿ ಇಲ್ಲ. ದಾನ ಬಂದದ್ದಿಲ್ಲ.
ಹಾಗಾದರೆ ಮೊದಲನೆಯ ಚೀಲ ಎಲ್ಲಿಂದ ಬಂತು?
ಎಂಟು ದಿನದೊಳಗೆ ವಿವರಣೆ ಕೊಡಿ.’

ಮಾನ್ಯರೇ,
ಮೂವತ್ತೊಂದು ವರ್ಷ ಸಾಣಿಕಟ್ಟಾದ ಉಪ್ಪಿನಾಗರದ ಲೆಕ್ಕ ಬರೆದ ನನಗೆ
ಈ ಪ್ರಶ್ನೆ ಹೊಳೆದಿರಲಿಲ್ಲ.
ಪ್ರತಿ ವರ್ಷ ಹೊಸ ಪುಸ್ತಕದ ಮೊದಲ ಸಾಲಿಗೆ
ಒಂದು ಸೊನ್ನೆ ಸುತ್ತಿ, ಒಣಗಲೆಂದು ಊದಿ,
ಊಟಕ್ಕೆ ಎದ್ದು ಹೋಗುತ್ತಿದ್ದೆ.
ಈಗ ಅದೇ ಸೊನ್ನೆ ರಾತ್ರಿ ಎರಡು ಗಂಟೆಗೆ
ಮುಚ್ಚಳ ಮರೆತ ಬಾವಿ.

ಸಮುದ್ರದಿಂದ ಬಂತು ಎಂದು ಬರೆದು ಕೈತೊಳೆಯಬಹುದಿತ್ತು.
ಭರತಿಯ ದಿನ ಜಂತ್ರಡಿಯ ಹಲಗೆ ಎತ್ತಿದರೆ
ಅಘನಾಶಿನಿಯ ಬಾಯಿಂದ ತಾನಾಗಿ ಒಳಬರುತ್ತದೆ, ಬಿಲ್ಲಿಲ್ಲದೆ.
ಆದರೆ ನೀವು ಮರುಟಪಾಲಿಗೆ ಕೇಳುತ್ತೀರಿ:
ಸಮುದ್ರಕ್ಕೆ ಎಲ್ಲಿಂದ? ಕಲ್ಲಿನಿಂದ. ಕಲ್ಲಿಗೆ?
ಹಿಂದಿನ ಪುಟ ನೋಡಿ, ಹಿಂದಿನ ಪುಟ ನೋಡಿ ಎನ್ನುತ್ತ
ರಟ್ಟಿನವರೆಗೆ ಹೋಗಬಹುದು.
ರಟ್ಟಿನ ಹಿಂದೆ ಏನಿದೆಯೆಂದು
ನಮ್ಮ ಸಂಘದ ಯಾವ ಅಧ್ಯಕ್ಷರೂ ಸಹಿ ಮಾಡಿ ಹೇಳಿಲ್ಲ.

ಹಾಗಾಗಿ ನಿನ್ನೆ ನಾನೇ ಹೋಗಿ ಬದುವಿನ ಮೇಲೆ ಕೂತೆ.
ಹನ್ನೊಂದನೆಯ ಪಾತಿ, ಸಾತು ಆಗೇರಳದು.
ಫೆಬ್ರವರಿಯ ಬಿಸಿಲು. ಎರಡು ಬೆರಳು ನೀರು. ಗಾಳಿಯಿಲ್ಲ.
ಆಚೆ ತದಡಿಯಲ್ಲಿ ದೋಣಿಯೊಂದರ ಯಂತ್ರ ಕೆಮ್ಮಿ ನಿಂತಿತು.
ನೋಡಿದೆ: ಏನೂ ಇಲ್ಲ.
ಮತ್ತೆ ನೋಡಿದೆ: ಏನೂ ಇಲ್ಲ.
ಬೆಳಕು ಚುಚ್ಚಿ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ, ನೋಡಿದರೆ
ಇತ್ತು.
ಸಾಸಿವೆಯ ಕಾಲುಭಾಗ, ಚೌಕ, ನಾಲ್ಕು ಮೂಲೆ ಸಮೇತ,
ಮೊದಲಿನಿಂದಲೂ ಇಲ್ಲೇ ಇದ್ದೆ ಎಂಬ ಮುಖ ಮಾಡಿ.

ತಪ್ಪಿಹೋಯಿತು, ಮಾನ್ಯರೇ.
ಇಲ್ಲದ್ದಕ್ಕೂ ಇದ್ದದ್ದಕ್ಕೂ ನಡುವೆ ರೆಪ್ಪೆಯಷ್ಟು ಸಂದು,
ಆ ಸಂದಿನಲ್ಲಿ ನಾನು ಕಣ್ಣೊರೆಸುತ್ತಿದ್ದೆ.
ಯಾರು ಕಾದು ಕೂತರೂ ಅಷ್ಟು ಹೊತ್ತಿಗೆ
ಏನಾದರೊಂದು ಒರೆಸುತ್ತಿರುತ್ತಾರೆ ಎಂದು ನನ್ನ ಅನುಮಾನ.

ಸಾತು ಹಲಗೆ ಊರಿ ನಕ್ಕಳು:
‘ಖಾಲಿ ಅನ್ನೂದು ಎಲ್ಲಿ ಕಂಡ್ರಿ ಒಡ್ಯಾ?
ನೀರು ತೀರಾ ಸುಮ್ಮಗಿದ್ರೆ ಉಪ್ಪು ಕೂರೂದಿಲ್ಲ.
ಒಂದು ನೊರಜು ಬಿದ್ದು ಸಾಯ್ಬೇಕು, ಇಲ್ಲಾ ಧೂಳು,
ಇಲ್ಲಾ ನನ್ನ ಕಾಲು ಜಾರ್ಬೇಕು.
ಕೂರೂಕೆ ಅದ್ಕೊಂದು ನೆವ ಬೇಕು.’

ನೆವ. ನಿಮ್ಮ ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ.
ಮೊದಲ ನೊರಜು ಯಾವ ನೆವದಿಂದ ಹುಟ್ಟಿತೆಂದು
ನಾನು ಕೇಳಲಿಲ್ಲ; ಅವಳಿಗೆ ಕೆಲಸವಿತ್ತು.

ಕಚೇರಿಗೆ ಮರಳಿ ಪುಸ್ತಕ ತೆರೆದೆ. ಸೊನ್ನೆಯನ್ನೇ ನೋಡಿದೆ.
ಅದನ್ನು ಬರೆಯಲೂ ಒಂದು ಹನಿ ಶಾಯಿ ಖರ್ಚಾಗಿದೆ,
ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೆ ಕಾಗದ,
ಕಾಗದದ ಕೆಳಗೆ ಮೇಜು, ಅದರ ಒಂದು ಕಾಲು ಕುಂಟು.
ಅಪ್ಪಟ ಸೊನ್ನೆ ನಮ್ಮ ದಾಸ್ತಾನಿನಲ್ಲಿ ಎಂದೂ ಇರಲಿಲ್ಲ.
ಅದನ್ನು ತುಂಬಿಡಲು ಚೀಲ ಬೇಕು;
ಚೀಲವಿದ್ದರೆ ಅದಿಲ್ಲ.

ಇನ್ನೊಂದು. ಒಂದನೆಯ ಇಯತ್ತೆಯಲ್ಲಿ ಬೋರ್ಕರ ಮಾಸ್ತರು
ಕಾಗುಣಿತ ಹೇಳಿಸುತ್ತಿದ್ದರು: ತಲೆಕಟ್ಟು, ಇಳಿ, ಗುಡಿಸು.
‘ಇಲ್ಲ’ದ ತಲೆಕಟ್ಟು ತೆಗೆದು ಗುಡಿಸು ಕೊಟ್ಟರೆ
‘ಇಲ್ಲಿ’.
ಅಷ್ಟೇ. ಹೊರಗಿನಿಂದ ಸಾಮಾನು ತರಿಸಬೇಕಿಲ್ಲ.
ಗುಡಿಸು ಕೊಟ್ಟವರು ಯಾರು ಎಂದು ಮಾತ್ರ ಕೇಳಬೇಡಿ;
ನನಗೆ ಕಾಣುವುದು ಸಾತು, ಸಂಜೆಯ ಪಾತಿಯಲ್ಲಿ ಬಗ್ಗಿ
ಅಂಚಿನಿಂದ ನಡುವಿಗೆ
ಗುಡಿಸಿ ಗುಡಿಸಿ ತರುವ ಬಿಳಿ.

ಇದು ವಿವರಣೆಯಲ್ಲ, ಬಲ್ಲೆ.
ಆಕ್ಷೇಪಣೆಯನ್ನು ಮುಂದಿನ ವರ್ಷಕ್ಕೆ ಒಯ್ಯಿರಿ.
ಆಷಾಢದಲ್ಲಿ ಹೊಳೆ ಏರಿ ಪಾತಿಗಳೆಲ್ಲ ಒಂದೇ ನೀರಾಗುವ ಹೊತ್ತಿಗೆ
ನಾನು ನಿವೃತ್ತ. ನನ್ನ ಜಾಗಕ್ಕೆ ಬರುವ
ಸುಗಂಧಾ ಅಂಬಿಗಳ ಅಕ್ಷರ ದುಂಡಗಿದೆ,
ಸೊನ್ನೆ ನನಗಿಂತ ಚೆನ್ನಾಗಿ ಬರೆಯುತ್ತಾಳೆ.

ಅಡಕ: ಸದರಿ ಹರಳು, ಒಂದು, ಪೊಟ್ಟಣದಲ್ಲಿ.
ತಲುಪಿದಾಗ ಖಾಲಿ ಕಂಡರೆ
ದಯವಿಟ್ಟು ಕಾಗದ ನೆಕ್ಕಿ ನೋಡುವುದು.